ಎರಡು ಬೆರಳು ನೀರು

ಕೊಳವೆ ನೀರೊಳಗೆ ಎರಡು ಬೆರಳು ಮುಳುಗಬೇಕು,
ಮೂರಲ್ಲ.
ಮೂರಾದರೆ ಬಾಯಿಗೆ ಕಹಿನೀರು ಏರುತ್ತದೆ,
ಒಂದಾದರೆ ಹೊಗೆ ಮೀಯದೆ ಬರುತ್ತದೆ.
ಮಾತು ಉತ್ತಯ್ಯಜ್ಜನದು, ಬೆರಳು ನನ್ನದು.
ಅಜ್ಜನ ಬೆರಳು ದಪ್ಪ,
ಚಿಪ್ಪಿನ ಬಾಯಲ್ಲಿ ಹಿಡಿಯುತ್ತಿರಲಿಲ್ಲ.

ಹಾಗಾಗಿ ಏಳು ವರ್ಷದ ನಾನು
ಬೇತ್ರಿಯ ಆ ಜಗಲಿಯಲ್ಲಿ
ಗುಡಿಗುಡಿಯ ಅಳತೆಗೋಲು.

ರೋಹ್ಟಕ್ಕಿನ ಕಡೆ ಆರು ವರ್ಷ ಮಿಲಿಟರಿ ಲಾರಿ ಓಡಿಸಿ
ಪಿಂಚಣಿ ಪುಸ್ತಕದ ಜೊತೆ ತಂದದ್ದು ಇದೊಂದೇ:
ಎಣ್ಣೆ ಕುಡಿದು ಕಪ್ಪಾದ ತೆಂಗಿನ ಚಿಪ್ಪು,
ಸೊಂಟಕ್ಕೆ ಹಿತ್ತಾಳೆ ಪಟ್ಟಿ, ತಲೆಗೆ ಮಣ್ಣಿನ ಚಿಲುಮೆ.
"ಅಲ್ಲಿ ತೆಂಗಿನ ಮರವೆಲ್ಲಿದೆ ಮೂಸೆ?
ನಮ್ಮ ಕಡೆಯಿಂದ ಹೋದ ಕಾಯಿ ಇದು.
ರಜೆ ಕೊಡಿಸಿ ಊರಿಗೆ ಕರಕೊಂಡು ಬಂದೆ."

ಹೊಗೆಸೊಪ್ಪು ಪಿರಿಯಾಪಟ್ಟಣದ್ದು.
ತಾಯಿ ಅದನ್ನು ಕರಿಬೆಲ್ಲದ ಜೊತೆ ಕುಟ್ಟಿ
ಅಕ್ಕಿರೊಟ್ಟಿಯ ಹಿಟ್ಟಿಗಿಂತ ಹೆಚ್ಚು ನಾದುತ್ತಿದ್ದಳು, ಬೈಯುತ್ತಲೇ.
ಚಿಲುಮೆಯ ಗಂಟಲಿಗೆ ಹೊಳೆಯಿಂದ ಆರಿಸಿದ ಒಂದು ಕಲ್ಲು,
ಸೊಪ್ಪು ಕೆಳಗೆ ಜಾರದ ಹಾಗೆ.
ಮೇಲೆ ಮುದಿ ಕಾಫಿಬೊಡ್ಡೆಯ ಕೆಂಡ.
ಹುಳಿಮರದ ಕೆಂಡ ಬೇಡ, ಅದು ಚಟಪಟ ಮಾತಾಡುತ್ತದೆ,
ಮಾತಾಡುವುದು ನೀರಿನ ಕೆಲಸ.

ಹಳೆ ನೀರು ಚೆಲ್ಲುವಂತಿರಲಿಲ್ಲ.
ಕಂದು ಬಣ್ಣಕ್ಕೆ ತಿರುಗಿದ ಆ ನೀರು ರಮ್ಮಿನ ಬಾಟಲಿಗೆ.
ಏಲಕ್ಕಿ ಮಲೆಗೆ ಹೊರಡುವ ಮುಂಚೆ ಅವ್ವ
ಮೊಣಕಾಲಿನ ತನಕ ಸವರಿಕೊಳ್ಳುತ್ತಿದ್ದಳು.
ಜಿಗಣೆ ಹತ್ತುತ್ತಿರಲಿಲ್ಲ.
ಕೆಲವೊಮ್ಮೆ ಅಪ್ಪನೂ.

ಬುಧವಾರ ವಿರಾಜಪೇಟೆ ಸಂತೆ ಮುಗಿಸಿ
ಕಲಾಯಿ ಬೀರಾನಿಕ್ಕ ಬರುತ್ತಿದ್ದರು,
ನವಸಾಗರದ ವಾಸನೆಯ ಅಂಗಿ, ಸುಟ್ಟ ಹುಬ್ಬು.
ಕೊಳವೆಯ ತುದಿಗೆ ತುಟಿ ತಾಗಿಸದೆ
ಮುಷ್ಟಿ ಕಟ್ಟಿ, ಮುಷ್ಟಿಯಿಂದ ಸೇದುತ್ತಿದ್ದರು.

ಒಂದು ಬುಧವಾರ ಅಜ್ಜ ಹೇಳಿದರು:
"ಆ ಕಡೆ ಒಬ್ಬನನ್ನು ಊರು ಬಿಟ್ಟಿತೆಂದರೆ
ಹುಕ್ಕಾ ಬಂದ್, ನೀರು ಬಂದ್.
ಹೊಡೆಯುವುದಿಲ್ಲ, ಬೈಯುವುದಿಲ್ಲ,
ಕೊಳವೆ ಅವನ ಕಡೆ ತಿರುಗುವುದಿಲ್ಲ, ಅಷ್ಟೆ."

"ಈ ಕಡೆ?" ಅಂದರು ಬೀರಾನಿಕ್ಕ.

ಚಿಪ್ಪಿನೊಳಗೆ ಒಂದು ಗುಳ್ಳೆ ತಡವಾಗಿ ಒಡೆಯಿತು.
ಯಾವಾಗಲೂ ಪಂಚೆಯ ಚುಂಗಿನಿಂದ ತುದಿ ಒರೆಸಿ ಕೊಡುವ,
ಒರೆಸಿ ತೆಗೆದುಕೊಳ್ಳುವ ಅಜ್ಜ
ಅವತ್ತು ಎರಡೂ ಸಲ ಮರೆತರು.
ಮುಷ್ಟಿ ಬಿಚ್ಚಿದ ಬೀರಾನಿಕ್ಕನ ಅಂಗೈ
ಕಲಾಯಿ ಹಾಕಿದ ಹಾಗೆ ಬೆಳ್ಳಗಿತ್ತು.

ಅಮ್ಮತ್ತಿ ಆಸ್ಪತ್ರೆಯ ಡಾಕ್ಟರು
ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದರು,
ಅಜ್ಜನ ಎದೆಯಲ್ಲಿ ಬೇತ್ರಿ ಹೊಳೆಯ ಬೆಳಗಿನ ಮಂಜು.
ಕೆಂಡ ನಿಂತಿತು. ಸೊಪ್ಪು ನಿಂತಿತು.
ತಾಯಿಯ ಬೈಗುಳಕ್ಕೆ ಕೆಲಸವಿಲ್ಲದಾಯಿತು.

ಆದರೂ ಬೆಳಿಗ್ಗೆ ಕರೆ: "ಮೂಸೆ, ಎರಡು ಬೆರಳು!"
ಖಾಲಿ ಚಿಲುಮೆ, ತಣ್ಣನೆ ಕಲ್ಲು,
ಗುಡು ಗುಡು ಗುಡು, ಬರೀ ಗಾಳಿ.
ಬುಧವಾರ ಬೀರಾನಿಕ್ಕನೂ ಕೂತು
ಕಣ್ಣು ಅರೆ ಮುಚ್ಚಿ ಸೇದಿ, ಮೂಗಿನಿಂದ
ಇಲ್ಲದ್ದನ್ನು ಬಿಟ್ಟು, ತಿರುಗಿಸಿ ಕೊಡುತ್ತಿದ್ದರು.
ಹೊಗೆ ಇರಲಿಲ್ಲ, ಸರದಿ ಇತ್ತು.

ಅವ್ವ ಮಾತ್ರ ಒಂದು ಸಂಜೆ ಮಲೆಯಿಂದ ಇಳಿದು
ರಕ್ತ ಸೋರುವ ಮೀನಖಂಡ ತೋರಿಸಿದಳು:
"ಮಾವ, ನಿಮ್ಮ ನೀರಲ್ಲಿ ಈಗ ಏನೂ ಇಲ್ಲ."
ಅಜ್ಜ ನಕ್ಕರು, ನಗು ಕೆಮ್ಮಾಯಿತು,
ಕೆಮ್ಮು ಮುಗಿಯಲು ತುಂಬಾ ಹೊತ್ತು ಹಿಡಿಯಿತು.

ಮೊನ್ನೆ ಅಟ್ಟದಲ್ಲಿ ಒಂದು ಬಾಟಲಿ ಸಿಕ್ಕಿತು,
ತಳದಲ್ಲಿ ಎರಡು ಬೆರಳು, ಕಂದು.
ಕಾಲಿಗೆ ಸವರಿಕೊಂಡು ಮಲೆ ಹತ್ತಿದೆ.
ತರಗೆಲೆಯ ಮೇಲೆ ಜಿಗಣೆಗಳು ಎದ್ದು ನಿಂತು
ಗೇಣು ದೂರದಲ್ಲಿ ಮೂತಿ ಆಡಿಸಿ
ಮುದುಕ ಎಚ್ಚರವಾಗಿದ್ದಾನೆ ಅಂದುಕೊಂಡು
ದಾರಿ ಬಿಟ್ಟವು.